ಕೊನೆಗೆ ಬರುವ ಟೋಪಿ

ಶನಿವಾರ ಸಂಜೆ ಚಿಕ್ಕಮ್ಮ ಇಸ್ತ್ರಿ ಮಾಡುತ್ತಲೇ ನನ್ನನ್ನು ವಿಚಾರಣೆಗೆ ಎಳೆದಳು. ಅವಳ ಮನೆಯಲ್ಲಿ ನನಗೆ ಕೊಟ್ಟಿರುವ ಕೋಣೆಯಲ್ಲೇ ಇಸ್ತ್ರಿ ಮೇಜೂ ಇದೆ. ಹಾಗಾಗಿ ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಮಂಚದ ಮೇಲೆ ಕಾಲು ಮಡಚಿ ಕೂತು ಡೈರಿಯನ್ನು ದಿಂಬಿನಡಿ ತಳ್ಳಿದೆ.

"ನೀನು ಸೇರಿ ಸೋಮವಾರಕ್ಕೆ ಮೂರು ತಿಂಗಳಾಗುತ್ತೆ. ಪತ್ರದ ವಿಷಯ ಕೇಳಿದ್ಯಾ?"

"ಇಲ್ಲ."

"ಯಾಕೆ?"

"ಅವರು ಯಾವಾಗ್ಲೂ ಕೆಲಸದಲ್ಲಿರ್ತಾರೆ ಚಿಕ್ಕಮ್ಮ."

"ಕೆಲಸದ ಜಾಗದಲ್ಲಿ ಕೆಲಸ ಮಾಡ್ದೆ ಇನ್ನೇನು ಕೋಲಾಟ ಆಡ್ತಾರಾ?" ಚಿಕ್ಕಮ್ಮ ಚಿಕ್ಕಪ್ಪನ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಹಲ್ಲು ಮಾಡೋ ಕೆಲಸಕ್ಕೆ ಸೇರ್ಕೊಂಡು ಬಾಯೇ ಬಿಡಲ್ಲ ಅಂದ್ರೆ ಹೇಗೆ ಕಣೇ?"

ಅವಳು ಹೇಳಿದ್ದು ನಿಜ. ನಾನು ಓದಿದ್ದು ಶಿಲ್ಪಕಲೆ. ಪದವಿ ಮುಗಿದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತು 'ಮುಂದೇನು?' ಎಂಬ ಪ್ರಶ್ನೆಗೆ ದಿನಕ್ಕೆ ಮೂರು ಸಲ, ಊಟದ ಜೊತೆಗೆ, ಉತ್ತರ ಕೊಟ್ಟು ಸಾಕಾಗಿತ್ತು. ಚಿಕ್ಕಮ್ಮ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡು, ಅವಳ ಹಲ್ಲಿನ ಡಾಕ್ಟರಿಗೆ ಹೇಳಿಸಿ, ಕಟ್ಟಿದ ಹಲ್ಲು ತಯಾರಿಸುವ ಒಂದು ಲ್ಯಾಬಿನಲ್ಲಿ ಕಲಿಕೆಗೆ ಸೇರಿಸಿದಳು. ಈ ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚುಗಳನ್ನು ಪುಟ್ಟ ಡಬ್ಬಿಗಳಲ್ಲಿ ಕಳಿಸುತ್ತಾರೆ. ನಾವು ಅದರಲ್ಲಿ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಅದರ ಮೇಲೆ ಮೇಣದಲ್ಲಿ ಹಲ್ಲು ಕೆತ್ತುತ್ತೇವೆ. ಗಾಂಧಿಬಜಾರಿನ ವೃತ್ತದಲ್ಲಿ ನಿಲ್ಲುವಂಥ ಮೂರ್ತಿಗಳನ್ನು ಮಾಡುತ್ತೇನೆಂದು ಕನಸು ಕಂಡಿದ್ದವಳು ಯಾರದೋ ಬಾಯಿಯ ದವಡೆ ಹಲ್ಲು ಮಾಡುತ್ತಿದ್ದೇನೆ ಎಂದು ಮೊದಲು ನಗು ಬಂದಿತ್ತು. ಆಮೇಲೆ ಒಂದು ದಿನ ನಾನು ಕೆತ್ತಿದ ಹಲ್ಲು ದೀಪದ ಕೆಳಗೆ ಥೇಟ್ ಹಲ್ಲಿನ ಹಾಗೇ, ಈಗತಾನೆ ಏನನ್ನೋ ಕಚ್ಚಿ ಬಂದ ಹಾಗೆ ಕಂಡಿತು. ಆ ದಿನದಿಂದ ನನಗೆ ಈ ಕೆಲಸ ಬಿಡಲು ಮನಸ್ಸಿಲ್ಲ.

ಆದರೆ ಲ್ಯಾಬಿನ ಮುಖ್ಯಸ್ಥೆ 'ಇವಳು ನಮಗೆ ಬೇಕು' ಎಂದು ಪತ್ರ ಬರೆದುಕೊಟ್ಟರೆ ಮಾತ್ರ ನಾನು ಇಲ್ಲಿರಬಹುದು. ಇಲ್ಲವಾದರೆ ತಿಂಗಳ ಕೊನೆಗೆ ವಾಪಸ್ಸು, ಅದೇ ಊಟ, ಅದೇ ಪ್ರಶ್ನೆ. ಆ ಲ್ಯಾಬಿನಲ್ಲಿ ಪತ್ರವನ್ನು ಕಲಿಯುವವರೇ ಬಾಯಿಬಿಟ್ಟು ಕೇಳಬೇಕಂತೆ. ಅವರಾಗಿಯೇ ಕೊಡುವ ರೂಢಿಯಿಲ್ಲವಂತೆ.

"ನಾಳೆ ಅವರ ಜೊತೆ ಬೆಟ್ಟಕ್ಕೆ ಹೋಗ್ತೀಯಲ್ಲ, ಅಲ್ಲಿ ಕೇಳು. ಬಯಲಲ್ಲಿ ಮನುಷ್ಯರು ಸ್ವಲ್ಪ ಮೆತ್ತಗಿರ್ತಾರೆ," ಎಂದಳು ಚಿಕ್ಕಮ್ಮ. "ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆ ಆಡಿಸ್ಕೊಂಡು ಬರಬೇಡ, ಅಷ್ಟೇ."

ನಾನು ತಲೆ ಆಡಿಸಿದೆ.

ಇಲ್ಲಿಯವರ ಹೆಸರುಗಳು ನನ್ನ ನಾಲಗೆಗೆ ಇನ್ನೂ ಹೊಂದಿಲ್ಲ. ಅದಕ್ಕೇ ಡೈರಿಯಲ್ಲಿ ಎಲ್ಲರಿಗೂ ಒಂದೊಂದು ನಂಟು ಹಚ್ಚಿಟ್ಟಿದ್ದೇನೆ. ಮುಖ್ಯಸ್ಥೆ ದೊಡ್ಡಮ್ಮ. ಎತ್ತರದ ಹೆಂಗಸು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಾರೆ. ನನ್ನ ಪಕ್ಕದ ಮೇಜಿನಲ್ಲಿ ಕೂತು ನನಗೆ ಕೆತ್ತುವುದನ್ನು ಕಲಿಸುವವರು ಮೇಣದಜ್ಜ. ಪ್ಲಾಸ್ಟರ್ ಕಲಸುವವನು ಪ್ಲಾಸ್ಟರಣ್ಣ. ಬಾಗಿಲ ಬಳಿ ಕೂತು ಡಬ್ಬಿಗಳನ್ನು ತೆಗೆದುಕೊಂಡು ಎಲ್ಲರ ಸುದ್ದಿಯನ್ನೂ ವಿತರಣೆ ಮಾಡುವವರು ರಿಸೆಪ್ಷನ್ ಅತ್ತೆ. ಅವರ ಮಾತುಗಳನ್ನೂ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಹಾಗೆ ಬರೆದಾಗ ಅವರೆಲ್ಲ ನನಗೆ ಪೂರ್ತಿ ಅರ್ಥವಾಗುತ್ತಾರೆ. ಎದುರಿಗೆ ನಿಂತು ಗಡಗಡ ಮಾತಾಡಿದಾಗ ಅರ್ಧವೂ ಆಗುವುದಿಲ್ಲ. 'ಅರ್ಥ ಆಗಲಿಲ್ಲ' ಅನ್ನಲು ನಾಚಿಕೆ. 'ಹೂಂ' ಅಂದುಬಿಡುತ್ತೇನೆ. ಎರಡನೇ ವಾರದಲ್ಲಿ ದೊಡ್ಡಮ್ಮ ಏನೋ ಹೇಳಿದರು, ನಾನು ಹೂಂ ಅಂದೆ, ಮತ್ತು ಯಾರಿಗೋ ಬಲಗಡೆ ಬೇಕಾಗಿದ್ದ ಹಲ್ಲನ್ನು ಎಡಗಡೆಗೆ ಬಹಳ ಚೆಂದವಾಗಿ ಮಾಡಿಟ್ಟೆ.

ಭಾನುವಾರ ಬೆಳಿಗ್ಗೆ ಬಸ್ಸಿಳಿದ ಕಡೆ ನಾವು ಹನ್ನೆರಡು ಜನ ಸೇರಿದ್ದೆವು. ಲ್ಯಾಬಿನವರು, ಅವರ ಮನೆಯವರು. ಎಲ್ಲರ ಕಾಲಲ್ಲೂ ಮಣ್ಣು ಮೆತ್ತಿದ ಹಳೆಯ ಬೂಟು. ನನ್ನವು ಮಾತ್ರ ಚಿಕ್ಕಮ್ಮನ ಬಿಳಿ ಕ್ಯಾನ್ವಾಸ್ ಶೂ, ತುದಿಯಲ್ಲಿ ಹತ್ತಿ ತುರುಕಿದ್ದು. ಗಾಳಿ ಬೀಸುತ್ತಿತ್ತು. ನಾನು ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಗುಂಪಿನ ಹಿಂದೆ ನಿಂತೆ.

ರಿಸೆಪ್ಷನ್ ಅತ್ತೆ ತಮ್ಮ ಚೀಲದಿಂದ ಒಂದು ಉಣ್ಣೆ ಟೋಪಿ ತೆಗೆದರು. ಅಂಥ ಕಿತ್ತಳೆ ಬಣ್ಣವನ್ನು ನಾನು ಹಣ್ಣಿನಲ್ಲೂ ನೋಡಿಲ್ಲ. "ಹೇಗಿದ್ರೂ ನೀನು ಹಿಂದೇನೇ ಇರ್ತೀಯ," ಎಂದು ನಗುತ್ತ ಅದನ್ನು ನನ್ನ ತಲೆಗೆ ಎಳೆದು ಕಿವಿ ಮುಚ್ಚುವಂತೆ ಕೂರಿಸಿ, ದಾರಿಯ ಕಡೆ ಕೈ ತೋರಿಸಿ, ಬೆರಳು ಮಡಚುತ್ತ ಏನೇನೋ ಉದ್ದಕ್ಕೆ ಹೇಳಿದರು. ಗಾಳಿಗೆ ಅರ್ಧ ಹಾರಿಹೋಯಿತು. ಉಳಿದರ್ಧ ಟೋಪಿಯ ಉಣ್ಣೆಯಲ್ಲಿ ಸಿಕ್ಕಿಕೊಂಡಿತು.

"ಗೊತ್ತಾಯ್ತಾ?"

"ಹೂಂ."

ಮೂರು ತಿಂಗಳಲ್ಲಿ ಇಲ್ಲಿಯವರೊಬ್ಬರು ನನ್ನ ಕಿವಿಯ ಬಗ್ಗೆ ಯೋಚಿಸಿದ್ದು ಅದೇ ಮೊದಲು. ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅತ್ತೆ ಮುಂದೆ ಹೋಗಿಯಾಗಿತ್ತು.

ದೊಡ್ಡಮ್ಮ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುತ್ತಿದ್ದರು. ಅವರ ಹತ್ತಿರ ಹೋಗಬೇಕು, ಕೇಳಬೇಕು. ವಾಕ್ಯವನ್ನು ರಾತ್ರಿಯೇ ಡೈರಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ಆದರೆ ದಾರಿಯುದ್ದಕ್ಕೂ ಹುಲ್ಲುಗಾವಲಿನ ಬೇಲಿಗಳು, ಬೇಲಿಗೊಂದು ಮರದ ಗೇಟು. ಪ್ರತಿ ಗೇಟಿನಲ್ಲೂ ನಾನು 'ನೀವು ಹೋಗಿ, ನೀವು ಹೋಗಿ' ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ. ಹಿರಿಯರನ್ನು ದಾಟಿಕೊಂಡು ನುಗ್ಗುವುದು ಹೇಗೆ? ಗೇಟಿನಿಂದ ಗೇಟಿಗೆ ಹಿಂದೆ ಬೀಳುತ್ತ ಕೊನೆಯವಳಾದೆ.

ಆಗ ಶುರುವಾಯಿತು ಆ ವಿಚಿತ್ರ.

ದಾರಿ ಎರಡಾಗಿ ಕವಲೊಡೆಯುವ ಕಡೆ ಪ್ಲಾಸ್ಟರಣ್ಣ ಒಬ್ಬನೇ ನಿಂತಿದ್ದ. ಜೇಬಿನಲ್ಲಿ ಕೈ, ಮೂಗು ಕೆಂಪಗೆ. ಎಲ್ಲರೂ ಮುಂದೆ ಹೋಗಿ ಐದು ನಿಮಿಷವಾಗಿತ್ತು. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

"ಬಂದ್ಯಾ? ಹಾಂ, ಸರಿ ಹಾಗಾದ್ರೆ!" ಎಂದವನೇ ಎಡಕ್ಕೆ ಕೈ ತೋರಿಸಿ ಓಡಿಯೇ ಹೋದ.

ನನಗೋಸ್ಕರ ಕಾದಿದ್ದ! ಆದರೆ ಕಾದವನು ನಾಲ್ಕು ಮಾತಾಡದೆ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡುವುದೇಕೆ? ಮುಂದಿನ ಕವಲಿನಲ್ಲಿ ಅವನ ಹೆಂಡತಿ. ಅವಳೂ ಹಾಗೇ. ನನ್ನ ತಲೆಯತ್ತ ನೋಡಿ, ನಕ್ಕು, ಬಲಕ್ಕೆ ತೋರಿಸಿ, ಹೊರಟೇಬಿಟ್ಟಳು. ಪ್ರೀತಿಯೋ, ಕರುಣೆಯೋ, ಇಲ್ಲ ಈ ದೇಶದಲ್ಲಿ ಹೊಸಬರನ್ನು ಹೀಗೆ ಕಾದು ಹೀಗೆ ಬಿಟ್ಟು ಹೋಗುವುದೇ ಮರ್ಯಾದೆಯೋ? ತಲೆಬುಡ ಅರ್ಥವಾಗಲಿಲ್ಲ. ಆದರೂ ಹೊಟ್ಟೆಯೊಳಗೆ ಒಂದು ಥರ ಬೆಚ್ಚಗಾಯಿತು.

ಕಾಡು ಶುರುವಾಗುವ ಹೊತ್ತಿಗೆ ನನ್ನ ಮುಂದೆ ಉಳಿದವರು ಮೇಣದಜ್ಜ ಒಬ್ಬರೇ. ಅವರು ಬಗ್ಗಿ ಬಗ್ಗಿ ಬೀಜಗಳನ್ನು ಆಯುತ್ತಿದ್ದರು. ಒಂದನ್ನು ನನಗೆ ತೋರಿಸಿ, "ನೋಡು, ದವಡೆ ಹಲ್ಲಿನ ಮೇಲ್ಭಾಗ ಹೀಗೇ ಇರ್ಬೇಕು. ಈ ತಗ್ಗು ಇದೆಯಲ್ಲ, ಇದು ನಿನ್ನ ಕೈಗೆ ಇನ್ನೂ ಬಂದಿಲ್ಲ," ಎಂದರು. ಇಂಥದ್ದು ಮಾತ್ರ ನನಗೆ ಪೂರ್ತಿ ಅರ್ಥವಾಗುತ್ತದೆ. ಅಜ್ಜ ಆಮೇಲೆ ಸುತ್ತ ನೋಡಿ, ಚೀಲವನ್ನು ಹೆಗಲಿಗೇರಿಸಿ, ದಾರಿ ಬಿಟ್ಟು ಒಂದು ದಟ್ಟ ಪೊದೆಯ ಹಿಂದೆ ಹೋದರು.

ನನಗೆ ಕಕ್ಕಾಬಿಕ್ಕಿಯಾಯಿತು. ಗಂಡಸರು ಪೊದೆಯ ಹಿಂದೆ ಹೋದಾಗ ಹೆಣ್ಣುಮಕ್ಕಳು ಏನೂ ಕಾಣದವರಂತೆ ಬೇಗ ಬೇಗ ಮುಂದೆ ನಡೆದುಬಿಡಬೇಕು, ತಿರುಗಿ ನೋಡಬಾರದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ, ಆದರೆ ನಮ್ಮ ಕಡೆ ಬಸ್ಸು ನಿಂತ ಎಲ್ಲ ಹೆದ್ದಾರಿಗಳಲ್ಲೂ ಅಮ್ಮ, ಅಜ್ಜಿ ಎಲ್ಲ ಹಾಗೇ ಮಾಡಿದ್ದನ್ನು ನೋಡಿದ್ದೇನೆ. ನಾನು ನೆಲ ನೋಡುತ್ತ ಸರಸರ ನಡೆದೆ. ಒಂದು ತಿರುವು ದಾಟಿ, ಇನ್ನೊಂದು ದಾಟಿ, ಉಸಿರು ಬಿಟ್ಟೆ.

ಮುಂದಿನ ಕವಲಿನಲ್ಲಿ ರಿಸೆಪ್ಷನ್ ಅತ್ತೆ ಪುದೀನ ಪೆಪ್ಪರ್‌ಮೆಂಟಿನ ಕಾಗದ ಬಿಚ್ಚುತ್ತ ನಿಂತಿದ್ದರು. ಪೆಪ್ಪರ್‌ಮೆಂಟನ್ನು ಬಾಯಿಗೆ ಹಾಕಿಕೊಂಡು ನನ್ನ ಹಿಂದಿನ ದಾರಿಯ ಕಡೆ ಗದ್ದ ಚಾಚಿ ಏನೋ ಕೇಳಿದರು. ಚೆನ್ನಾಗಿದೆಯಾ ಅಂತಲೋ, ಸುಸ್ತಾಯಿತಾ ಅಂತಲೋ ಇರಬೇಕು.

"ಹೂಂ," ಎಂದೆ.

ಅತ್ತೆ ನನಗೂ ಒಂದು ಪೆಪ್ಪರ್‌ಮೆಂಟು ಕೊಟ್ಟು, ಎಡದ ಏರುದಾರಿ ಹಿಡಿದು ನನ್ನ ಜೊತೆಗೇ ಹೊರಟರು. ಅಂತೂ ಒಬ್ಬರು ಜೊತೆಗೆ ನಡೆದರು! ಅದರಿಂದ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಇವತ್ತೇ, ಈಗಲೇ. ಬೆಟ್ಟದ ನೆತ್ತಿ ಕಾಣುತ್ತಿದ್ದಂತೆ ಅತ್ತೆಯನ್ನು ದಾಟಿ, ಪ್ಲಾಸ್ಟರಣ್ಣನನ್ನು ದಾಟಿ, ಜೀವಮಾನದಲ್ಲಿ ಮೊದಲ ಸಲ ಹಿರಿಯರನ್ನೆಲ್ಲ ಹಿಂದೆ ಹಾಕಿ ದೊಡ್ಡಮ್ಮನ ಪಕ್ಕಕ್ಕೆ ಬಂದು ನಿಂತೆ.

"ಮೇಡಂ," ಎಂದೆ.

ದೊಡ್ಡಮ್ಮ ತಿರುಗಿದರು. ಹಣೆಯಿಂದ ಕನ್ನಡಕ ಇಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಡಿಯ ಮೇಲೆ ಕಣ್ಣು ನಿಂತಿತು.

"ನೀನ್ಯಾಕೆ ಇಲ್ಲಿದೀಯಾ?"

ಅಷ್ಟು ದೊಡ್ಡ ಪ್ರಶ್ನೆಯನ್ನು ಅವರು ಇಷ್ಟು ಬೇಗ ಕೇಳುತ್ತಾರೆ ಅಂದುಕೊಂಡಿರಲಿಲ್ಲ. ಆದರೆ ನನ್ನ ಹತ್ತಿರ ಉತ್ತರವಿತ್ತು, ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೆ.

"ಕಲಿಯೋಕೆ, ಮೇಡಂ. ನಮ್ಮೂರಲ್ಲಿ ಕಲ್ಲು ಕೆತ್ತೋದು ಕಲಿತೆ. ಆದ್ರೆ ಅಲ್ಲಿ ನನ್ನ ಕೈಗೆ ಕೆಲಸ ಸಿಗಲಿಲ್ಲ. ಇಲ್ಲಿ ಬಂದ್ಮೇಲೆ, ಚಿಕ್ಕ ಹಲ್ಲಾದ್ರೂ ಪರವಾಗಿಲ್ಲ, ಅದನ್ನ ಒಬ್ಬರು ದಿನಾ ಉಪಯೋಗಿಸ್ತಾರೆ ಅಂತ..."

ಅವರು ನನ್ನನ್ನು ತಡೆಯಲಿಲ್ಲ. ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದರು. ಬುತ್ತಿ ಬಿಚ್ಚುತ್ತಿದ್ದವರೂ ಬ್ರೆಡ್ಡು ಕೈಯಲ್ಲೇ ಹಿಡಿದು ಕಣ್ಣು ಕಣ್ಣು ಬಿಟ್ಟರು.

"ಅದಲ್ಲಮ್ಮ," ಎಂದರು ದೊಡ್ಡಮ್ಮ ನಿಧಾನವಾಗಿ. "ಟೋಪಿ ಮುಂದೆ ಯಾಕಿದೆ ಅಂತ ಕೇಳಿದ್ದು. ಅಜ್ಜ ಎಲ್ಲಿ?"

ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹನ್ನೊಂದು ಜನರಿದ್ದೆವು.

ಆಮೇಲೆ ರಿಸೆಪ್ಷನ್ ಅತ್ತೆ, ಈ ಸಲ ಒಂದೊಂದೇ ಪದ ಬಿಡಿಸಿ, ಬೆಳಿಗ್ಗೆ ಹೇಳಿದ್ದನ್ನೇ ಮತ್ತೆ ಹೇಳಿದರು. ಕಿತ್ತಳೆ ಟೋಪಿ ಎಂದರೆ ಕೊನೆಯವರು. ಕವಲಿನಲ್ಲಿ ಒಬ್ಬರು ನಿಂತು ದಾರಿ ತೋರಿಸುತ್ತಾರೆ, ಟೋಪಿ ಬಂದ ಮೇಲೆ ಮಾತ್ರ ಹೊರಡುತ್ತಾರೆ. ಟೋಪಿಯ ಹಿಂದೆ ಯಾರೂ ಇರಕೂಡದು. ಯಾರಾದರೂ ನಿಂತರೆ ಟೋಪಿಯೂ ನಿಲ್ಲಬೇಕು.

"ಕೇಳಿದ್ನಲ್ಲ, ಹಿಂದೆ ಯಾರೂ ಇಲ್ವಾ ಅಂತ? ಹೂಂ ಅಂದೆ!"

ಯಾರೂ ನನಗಾಗಿ ಕಾದಿರಲಿಲ್ಲ. ಕಾದದ್ದು ಟೋಪಿಗೆ. ನನ್ನ ಕಿವಿಗಳು ಉಣ್ಣೆಯೊಳಗೆ ಸುಟ್ಟುಹೋದವು.

"ಕೊನೇ ಸಲ ಎಲ್ಲಿ ನೋಡಿದೆ?" ದೊಡ್ಡಮ್ಮನ ದನಿ ಗಟ್ಟಿಯಾಗಿತ್ತು. ಅಜ್ಜನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಭಾನುವಾರ ಫೋನನ್ನು ಮನೆಯಲ್ಲಿ ಬಿಟ್ಟು ಬರುವುದು ಅವರ ವ್ರತ.

"ಕಾಡಿನ ಹತ್ರ."

"ಅಲ್ಲಿ ಏನು ಮಾಡ್ತಿದ್ರು? ನೀನು ಯಾಕೆ ಬಿಟ್ಟು ಬಂದೆ?"

"ಅವರು... ಪೊದೆ ಹಿಂದೆ..." ನನಗೆ ಮುಂದೆ ಬರಲಿಲ್ಲ. "ನಾನು ಹೆಣ್ಣುಮಗಳಲ್ವಾ, ಅದಕ್ಕೆ ಮುಂದೆ ಬಂದ್ಬಿಟ್ಟೆ."

ಪ್ಲಾಸ್ಟರಣ್ಣ ಕುಡಿಯುತ್ತಿದ್ದ ನೀರನ್ನು ಮೂಗಿನಲ್ಲಿ ಹೊರಬಿಟ್ಟ. "ಅಯ್ಯೋ, ಎಷ್ಟು ದೂರ ಬಂದೆ? ಅಜ್ಜ ಅಷ್ಟೊಂದು ಹೊತ್ತು ತಗೊಳ್ತಾರಾ?" ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು, ಅವಳೂ ನಗುತ್ತಿದ್ದಳು. ದೊಡ್ಡಮ್ಮ ನಗಲಿಲ್ಲ.

"ಜಾಗ ನಿನಗೊಬ್ಬಳಿಗೇ ಗೊತ್ತಿರೋದು. ನಡಿ," ಎಂದರು.

ಇಳಿಜಾರಿನಲ್ಲಿ ಅವರು ನನ್ನ ಹಿಂದೆಯೇ ದಾಪುಗಾಲು ಹಾಕಿದರು. ಪತ್ರ ಅಂತೂ ಹೋಯಿತು, ಅದು ನನಗೆ ಗೊತ್ತಾಯಿತು. ಆದರೆ ಆಶ್ಚರ್ಯ, ನನ್ನ ತಲೆಯಲ್ಲಿ ಪತ್ರ ಇರಲೇ ಇಲ್ಲ. ಇದ್ದದ್ದು ಆ ಬೀಜ, ಅದರ ಮೇಲಿನ ತಗ್ಗು, ಅಜ್ಜನ ಬೆರಳು. ಅತ್ತೆ ನಿಂತಿದ್ದ ಕವಲು ಬಂತು. ಅಲ್ಲಿಂದ ಪೊದೆಯವರೆಗೂ ಹೋದೆವು. ಯಾರೂ ಇಲ್ಲ. ಮತ್ತೆ ಕವಲಿಗೆ ಬಂದೆವು.

"ಕವಲಲ್ಲಿ ಯಾರೂ ನಿಂತಿಲ್ಲ ಅಂದ್ರೆ ಏನು ಮಾಡ್ಬೇಕು, ಮೇಡಂ?" ಎಂದು ಕೇಳಿದೆ. ಅದು ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ ಎಂದು ಆಮೇಲೆ ಹೊಳೆಯಿತು.

ಅವರು ನನ್ನನ್ನು ನೋಡಿದರು. "ನೆಟ್ಟಗೆ ಹೋಗ್ಬೇಕು. ಅದೇ ನಿಯಮ."

ನೆಟ್ಟಗೆ ಹೋದೆವು. ದಾರಿ ಮರಗಳ ನಡುವೆ ಇಳಿಯುತ್ತ ಹೋಯಿತು. ದೊಡ್ಡಮ್ಮ ಕೂಗಿದರು, ಆದರೆ ಹತ್ತಿ ಇಳಿದು ಅವರ ಗಂಟಲು ಒಣಗಿತ್ತು, ಕೆಮ್ಮು ಬಂತು. "ನೀನು ಕೂಗು," ಎಂದು ಕೈಸನ್ನೆ ಮಾಡಿದರು. ನಾನು ಮನೆಯಲ್ಲಿ ಹಾಲಿನವನನ್ನೂ ಕೂಗಿ ಕರೆದವಳಲ್ಲ. ಏನಂತ ಕೂಗುವುದು? ಅಜ್ಜನ ಹೆಸರು ನನ್ನ ಬಾಯಲ್ಲಿ ನೆಟ್ಟಗೆ ಹೊರಳುವುದಿಲ್ಲ.

"ಅಜ್ಜಾ!" ಎಂದೆ. ಅದು ಕೆಮ್ಮಿದ ಹಾಗೆ ಕೇಳಿಸಿತು. ಮತ್ತೆ ಹೊಟ್ಟೆಯಿಂದ ಎಳೆದು, "ಅಜ್ಜಾ! ಓ ಅಜ್ಜಾ! ಎಲ್ಲಿದೀರಾ?" ಎಂದು ಅಪ್ಪಟ ಕನ್ನಡದಲ್ಲಿ ಕಿರುಚಿದೆ. ಎರಡು ಹಕ್ಕಿಗಳು ಹಾರಿದವು. ದೊಡ್ಡಮ್ಮ ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಕೆಳಗಿನಿಂದ ಒಂದು ಸಿಳ್ಳೆ ಬಂತು.

ಅಜ್ಜ ಒಂದು ಮರದ ಗೇಟಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಪಕ್ಕದಲ್ಲಿ ಬೀಜಗಳನ್ನು ಹಲ್ಲಿನ ಸಾಲಿನ ಹಾಗೆ ಜೋಡಿಸಿಟ್ಟಿದ್ದರು. ಮೇಲಿನ ದವಡೆ ಪೂರ್ತಿಯಾಗಿತ್ತು. ಕೆಳಗಿನದಕ್ಕೆ ನಾಲ್ಕು ಕಡಿಮೆ ಬಿದ್ದಿದ್ದವು.

"ಗಾಬರಿ ಆಗ್ಲಿಲ್ವಾ?" ಎಂದು ದೊಡ್ಡಮ್ಮ ಏದುಸಿರು ಬಿಡುತ್ತ ಕೇಳಿದರು.

"ಯಾಕೆ ಗಾಬರಿ? ದಾರಿ ತಪ್ಪಿದ್ರೆ ಕೂತ್ಕೋಬೇಕು, ಟೋಪಿ ಬರುತ್ತೆ." ಅವರು ನನ್ನ ತಲೆಯ ಕಡೆ ಗದ್ದ ಎತ್ತಿ ತೋರಿಸಿದರು. "ಬಂತಲ್ಲ. ಸ್ವಲ್ಪ ತಡ ಆಯ್ತು, ಅಷ್ಟೇ. ಅದು ಸರಿ, ಕೂಗಿದ್ದು ಯಾರು? ನನಗೆ ಯಾವುದೋ ಪ್ರಾಣಿ ಅನ್ನಿಸ್ತು."

ನಾನು ಅಳುವುದೋ ನಗುವುದೋ ತಿಳಿಯದೆ ಬೀಜಗಳನ್ನು ಅವರ ಚೀಲಕ್ಕೆ ತುಂಬಿದೆ.

ವಾಪಸ್ಸು ಹತ್ತುವಾಗ ಅಜ್ಜ ಮುಂದೆ, ನಡುವೆ ದೊಡ್ಡಮ್ಮ, ಕೊನೆಗೆ ನಾನು. ಅಜ್ಜ ಬಗ್ಗಿದಾಗಲೆಲ್ಲ ನಾನೂ ನಿಲ್ಲುತ್ತಿದ್ದೆ. ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬಾಯಿಪಾಠ ಮಾಡಿದ್ದ ವಾಕ್ಯ ಮರೆತೇ ಹೋಗಿತ್ತು. ದೊಡ್ಡಮ್ಮನ ಬೆನ್ನಿಗೆ ಹೇಳಿದೆ: "ಮೇಡಂ, ನನಗೆ ಪತ್ರ ಬೇಕು. ನಾನು ಇಲ್ಲೇ ಇದ್ದು ಕಲೀಬೇಕು."

ಅವರು ನಿಲ್ಲಲಿಲ್ಲ. ನಡೆಯುತ್ತಲೇ ಕೈ ಆಡಿಸುತ್ತ ಗಡಗಡ ಹೇಳಿದರು. ತುಂಬ ಉದ್ದದ ಮಾತು. ಅದರಲ್ಲಿ ಸೋಮವಾರ ಇತ್ತು, ಎಡ ಬಲ ಇತ್ತು, ಮೂರು ತಿಂಗಳು ಇತ್ತು, ಅಜ್ಜ ಇದ್ದರು, 'ಆದರೆ' ಎರಡು ಸಲ ಇತ್ತು. ಕೊನೆಗೆ ತಿರುಗಿ, "ಗೊತ್ತಾಯ್ತಾ?" ಎಂದರು.

ನನ್ನ ತಲೆ ತಾನಾಗಿಯೇ ಅಲ್ಲಾಡಲು ಶುರುವಾಗಿತ್ತು. ಟೋಪಿಯ ತುದಿಯ ಉಣ್ಣೆಯ ಉಂಡೆ ಕಣ್ಣಿನ ಮುಂದೆ ತೂಗಿದ್ದು ಕಂಡಿತು. ಎರಡು ಕೈಯಲ್ಲೂ ತಲೆಯನ್ನು ಹಿಡಿದು ನಿಲ್ಲಿಸಿಕೊಂಡೆ.

"ಇಲ್ಲ," ಎಂದೆ. "ಗೊತ್ತಾಗ್ಲಿಲ್ಲ."

"ಯಾವುದು ಗೊತ್ತಾಗ್ಲಿಲ್ಲ?"

"ಎಲ್ಲಾ."

ಮುಂದೆ ಅಜ್ಜ ಗಹಗಹಿಸಿ ನಕ್ಕರು. ದೊಡ್ಡಮ್ಮ ದಾರಿಯ ಮಧ್ಯೆ ನಿಂತು ಕನ್ನಡಕವನ್ನು ಹಣೆಗೇರಿಸಿದರು. ಸಿಟ್ಟೋ ಏನೋ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ನಿನ್ನ ಕೈ ಚೆನ್ನಾಗಿದೆ ಅಂತ ಅಜ್ಜ ಹೇಳ್ತಾನೇ ಇದಾರೆ. ಆದ್ರೆ ಅರ್ಥ ಆಗ್ದೇನೇ ಹೂಂ ಅನ್ನೋರಿಗೆ ನಾನು ಯಾರ ಬಾಯಿನೂ ಒಪ್ಪಿಸಲ್ಲ. ನಿನ್ನೆವರೆಗೂ ಪತ್ರ ಕೊಡಬಾರದು ಅಂತಲೇ ಇದ್ದೆ. ಈಗ ಇನ್ನು ಮೂರು ತಿಂಗಳಿಗೆ ಮಾತ್ರ ಬರೀತೀನಿ. ಸೋಮವಾರದಿಂದ ಪ್ರತಿ ಡಬ್ಬಿಗೂ ನಾನು ಹೇಳಿದ್ದನ್ನ ನೀನು ನನಗೇ ವಾಪಸ್ ಹೇಳ್ಬೇಕು. ಎಡಾನೋ ಬಲಾನೋ ಅಂತ. ಈಗ ಗೊತ್ತಾಯ್ತಾ?"

"ಇನ್ನು ಮೂರು ತಿಂಗಳು. ಪ್ರತಿ ಡಬ್ಬಿಗೂ ವಾಪಸ್ ಹೇಳ್ಬೇಕು," ಎಂದೆ.

"ಹೂಂ," ಎಂದರು ದೊಡ್ಡಮ್ಮ.

ಸಂಜೆ ಚಿಕ್ಕಮ್ಮ ತನ್ನ ಶೂಗಳನ್ನು ಬೆಳಕಿಗೆ ಹಿಡಿದು ನೋಡಿ, "ಇವು ಬಿಳೀದಾಗಿದ್ವು ಅಲ್ವಾ?" ಎಂದಳು. ನಡೆದದ್ದನ್ನು ಹೇಳಿದೆ. ಪೊದೆಯ ಭಾಗಕ್ಕೆ ಬಂದಾಗ ಅವಳು ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅಡುಗೆಮನೆಯಿಂದ ಚಿಕ್ಕಪ್ಪ, "ಏನಂತೆ, ಏನಂತೆ?" ಎಂದು ಕೂಗುತ್ತಲೇ ಇದ್ದರು.

"ಅಂತೂ ಅವರು ನಿನಗೆ ಟೋಪಿ ಹಾಕಿದ್ರು," ಎಂದು ಕಣ್ಣೊರೆಸಿಕೊಂಡಳು. "ಮೂರು ತಿಂಗಳು ಅಂದ್ರೆ? ಆಮೇಲೆ ಕಾಯಂ ಮಾಡ್ತಾರಾ, ಇಲ್ಲ ಕಳಿಸ್ತಾರಾ?"

"ಗೊತ್ತಿಲ್ಲ. ಕೇಳ್ಬೇಕು."

ಅವಳು ಹೋದ ಮೇಲೆ ಡೈರಿ ತೆಗೆದೆ. ಕಿತ್ತಳೆ ಟೋಪಿ ನನ್ನ ಚೀಲದಲ್ಲೇ ಉಳಿದಿತ್ತು. ಬಸ್ಸಿನಲ್ಲಿ ಅದನ್ನು ಯಾರೂ ವಾಪಸ್ ಕೇಳಲಿಲ್ಲ. ಮರೆತರೋ, ಬೇಡವಾಯಿತೋ, ಮುಂದಿನ ಸಲಕ್ಕೂ ನಾನೇ ಎಂದೋ. ಪ್ಲಾಸ್ಟರಣ್ಣ ಇಳಿಯುವಾಗ ಅದರ ಉಂಡೆಯನ್ನು ಒಮ್ಮೆ ಎಳೆದು ಹೋಗಿದ್ದ. ಅದರ ಅರ್ಥವೇನೋ ತಿಳಿಯಲಿಲ್ಲ. ಟೋಪಿಯನ್ನು ಇಸ್ತ್ರಿ ಮೇಜಿನ ಮೊನೆಗೆ ನೇತುಹಾಕಿ, ಸೋಮವಾರ ಕೇಳಬೇಕಾದದ್ದನ್ನು ಬರೆದುಕೊಂಡೆ. ಆ ಮೂರು ತಿಂಗಳ ನಂತರ ಏನು? ಟೋಪಿಯನ್ನು ಯಾರಿಗೆ ಕೊಡಬೇಕು? ಆಮೇಲೆ ಸ್ವಲ್ಪ ಯೋಚಿಸಿ ಅದರ ಕೆಳಗೆ, ಅಜ್ಜನ ಹೆಸರನ್ನು ಹೇಗೆ ಹೇಳುವುದು ಎಂದು ಬರೆದೆ.